ಗರಿಮೀಸೆಯ ನೊರಜು: ಒಂದು ಪ್ರಭೇದವನ್ನು ಗುರುತಿಸುವ ಬಗೆ

ಕೆರೆಯ ಏರಿಯ ಮೇಲೆ, ಹೊಳೆಯ ದಂಡೆಯಲ್ಲಿ, ಬೀದಿದೀಪದ ಕೆಳಗೆ ಸಂಜೆಯ ಹೊತ್ತು ಹೊಗೆಯ ಕಂಬದಂತೆ ಎದ್ದು ನಿಂತು, ಗಾಳಿ ಬೀಸಿದ ಕಡೆಗೆ ವಾಲಿ, ಮತ್ತೆ ತನ್ನ ಜಾಗಕ್ಕೇ ಮರಳುವ ಕೀಟಗಳ ಹಿಂಡನ್ನು ಜನ ಸಾಮಾನ್ಯವಾಗಿ ಸೊಳ್ಳೆಗಳ ಗುಂಪೆಂದೇ ತಿಳಿಯುತ್ತಾರೆ. ಅನೇಕ ಸಲ ಅವು ಸೊಳ್ಳೆಗಳಲ್ಲ. ಮೈಕಟ್ಟಿನಲ್ಲಿ ಸೊಳ್ಳೆಯನ್ನೇ ಹೋಲುವ, ಆದರೆ ಚುಚ್ಚುವ ಸೊಂಡಿಲಿಲ್ಲದ, ಆದ್ದರಿಂದ ಯಾರನ್ನೂ ಕಚ್ಚಲಾರದ ನೊರಜುಗಳು. ಎರಡು ರೆಕ್ಕೆಯ ಕೀಟಗಳ ಗಣವಾದ ಡಿಪ್ಟೆರಾದಲ್ಲಿ ಇವುಗಳದೇ ಆದ ಒಂದು ದೊಡ್ಡ ಕುಟುಂಬವಿದ್ದು, ಅದನ್ನು ಕೈರೊನೊಮಿಡೇ ಎಂದು ಕರೆಯುತ್ತಾರೆ. ಈ ಕುಟುಂಬದಲ್ಲಿ ಈವರೆಗೆ ಹೆಸರಿಟ್ಟು ವಿವರಿಸಿರುವ ಪ್ರಭೇದಗಳೇ 5,000ವನ್ನು ಮೀರುತ್ತವೆ. ಅಂಟಾರ್ಕ್ಟಿಕದ ಹಿಮದ ನೆರೆಯಲ್ಲಿ ರೆಕ್ಕೆಯೇ ಇಲ್ಲದೆ ಬದುಕುವ ಬೆಲ್ಜಿಕಾ ಅಂಟಾರ್ಕ್ಟಿಕಾ ಇದೇ ಕುಟುಂಬದ್ದು. ಆಫ್ರಿಕದ ಬಂಡೆಗಳ ಕುಳಿಗಳಲ್ಲಿ ನೀರು ಬತ್ತಿದಾಗ ತಾನೂ ಒಣಗಿ, ಮಳೆ ಬಿದ್ದು ನೀರು ತುಂಬಿದೊಡನೆ ಮತ್ತೆ ಜೀವಂತವಾಗಿ ಹರಿದಾಡುವ ಮರಿಹುಳುವಿನ ಪಾಲಿಪೆಡಿಲಮ್ ವಾಂಡರ್‌ಪ್ಲಾಂಕಿಯೂ ಇದೇ ಕುಟುಂಬದ್ದು.

ಇಷ್ಟು ವಿಸ್ತಾರವಾದ ಕುಟುಂಬದಲ್ಲಿ ಕೈಗೆ ಸಿಕ್ಕ ಒಂದು ನೊರಜು ಯಾವ ಪ್ರಭೇದಕ್ಕೆ ಸೇರಿದ್ದೆಂದು ನಿರ್ಧರಿಸುವುದು ಸುಲಭದ ಕೆಲಸವಲ್ಲ. ಬರಿಗಣ್ಣಿಗೆ ಒಂದೇ ತೆರನಾಗಿ ಕಾಣುವ ಹತ್ತಾರು ಕೀಟಗಳು ವಾಸ್ತವದಲ್ಲಿ ಬೇರೆ ಬೇರೆ ಪ್ರಭೇದಗಳಾಗಿರಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ತೋರುವ ಕೆಂಪು ಹುಳು ಮತ್ತು ಹಾರುವ ನೊರಜು ಒಂದೇ ಜೀವಿಯ ಎರಡು ಅವಸ್ಥೆಗಳಾಗಿರಬಹುದು. ಈ ಕುಟುಂಬದ ಅತ್ಯಂತ ಪ್ರಸಿದ್ಧ ಸದಸ್ಯವಾದ ಕೈರೊನೊಮಸ್ ಪ್ಲುಮೋಸಸ್ ಎಂಬ ಪ್ರಭೇದವನ್ನು ವಿಜ್ಞಾನಿಗಳು ಎರಡೂವರೆ ಶತಮಾನಗಳಿಗೂ ಹೆಚ್ಚು ಕಾಲ ಹೇಗೆ ಗುರುತಿಸುತ್ತ, ಆ ಗುರುತನ್ನು ಹೇಗೆ ತಿದ್ದಿಕೊಳ್ಳುತ್ತ ಬಂದರೆಂಬುದನ್ನು ನೋಡಿದರೆ, ಒಂದು ಜೀವಿಗೆ ಸರಿಯಾದ ಹೆಸರು ದೊರೆಯುವುದರ ಹಿಂದೆ ಎಷ್ಟು ಶ್ರಮವಿದೆ, ಆ ಹೆಸರಿನ ಮೇಲೆ ಎಷ್ಟೆಲ್ಲ ತಿಳಿವಳಿಕೆ ನಿಂತಿದೆ ಎಂಬುದು ಸ್ಪಷ್ಟವಾಗುತ್ತದೆ.

ಅಭಿನಯದಿಂದ ಬಂದ ಹೆಸರು

ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ತನ್ನ ‘ಸಿಸ್ಟೆಮಾ ನ್ಯಾಚುರೇ’ ಗ್ರಂಥದ 10ನೆಯ ಆವೃತ್ತಿಯಲ್ಲಿ ಈ ನೊರಜಿಗೆ ಟಿಪ್ಯುಲಾ ಪ್ಲುಮೋಸಾ ಎಂದು ಹೆಸರಿಟ್ಟನು. ಪ್ಲುಮೋಸಾ ಎಂದರೆ ಗರಿಗಳಿಂದ ಕೂಡಿದುದು. ಗಂಡು ನೊರಜಿನ ತಲೆಯ ಮೇಲಿನ ಎರಡು ಕುಡಿಮೀಸೆಗಳು ಉದ್ದನೆಯ ರೋಮಗಳಿಂದ ತುಂಬಿ ಪುಟ್ಟ ಗರಿಗಳಂತೆ ಕಾಣುವುದೇ ಆ ಹೆಸರಿಗೆ ಕಾರಣ. ಈ ಗರಿಮೀಸೆ ಕೇವಲ ಅಲಂಕಾರವಲ್ಲ. ಹೆಣ್ಣಿನ ರೆಕ್ಕೆಬಡಿತದಿಂದ ಗಾಳಿಯಲ್ಲಿ ಏಳುವ ಕಂಪನಕ್ಕೆ ಈ ರೋಮಗಳು ಸ್ಪಂದಿಸುತ್ತವೆ, ಮೀಸೆಯ ಬುಡದ ಉಬ್ಬಿದ ಗೆಣ್ಣಿನೊಳಗಿರುವ ಶ್ರವಣಾಂಗವು ಅದನ್ನು ಗ್ರಹಿಸುತ್ತದೆ, ಹೀಗೆ ಸಾವಿರಾರು ಕೀಟಗಳ ಹಿಂಡಿನಲ್ಲಿಯೂ ಗಂಡು ತನ್ನ ಸಂಗಾತಿಯನ್ನು ಪತ್ತೆಹಚ್ಚುತ್ತದೆ.

ಲಿನೇಯಸ್‌ನ ಕಾಲದಲ್ಲಿ ಟಿಪ್ಯುಲಾ ಎಂಬ ಜಾತಿಯು ಉದ್ದ ಕಾಲಿನ ನಾನಾ ಕೀಟಗಳನ್ನು ಒಟ್ಟಿಗೆ ತುಂಬಿದ ಚೀಲದಂತಿತ್ತು. ಜಾತಿ ಎಂದರೆ ಇಲ್ಲಿ ಪರಸ್ಪರ ಹತ್ತಿರದ ಸಂಬಂಧವುಳ್ಳ ಪ್ರಭೇದಗಳ ಗುಂಪು. ಜರ್ಮನಿಯ ಯೋಹಾನ್ ಮೈಗೆನ್ ಆ ಚೀಲವನ್ನು ಬಿಡಿಸಿ, 1803ರಲ್ಲಿ ಕೈರೊನೊಮಸ್ ಎಂಬ ಪ್ರತ್ಯೇಕ ಜಾತಿಯನ್ನು ಸ್ಥಾಪಿಸಿದನು. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಕೈಗಳ ಚಲನೆಯಿಂದ ಅರ್ಥವನ್ನು ಸೂಚಿಸುವವನು, ಅಂದರೆ ಹಸ್ತಾಭಿನಯ ಮಾಡುವವನು ಎಂದು ಅರ್ಥ. ಕುಳಿತಿರುವಾಗ ಈ ನೊರಜು ಮುಂಗಾಲುಗಳೆರಡನ್ನೂ ನೆಲಕ್ಕೆ ಊರದೆ ಮುಂದಕ್ಕೆ ಎತ್ತಿ ಆಡಿಸುತ್ತಿರುವುದನ್ನು ನೋಡಿದವರಿಗೆ ಆ ಹೆಸರಿನ ಔಚಿತ್ಯ ತಾನಾಗಿ ಹೊಳೆಯುತ್ತದೆ. ಇಂದು ಈ ಪ್ರಭೇದದ ಪೂರ್ಣ ಹೆಸರನ್ನು ಬರೆಯುವಾಗ ಕೊನೆಯಲ್ಲಿ ಲಿನೇಯಸ್‌ನ ಹೆಸರನ್ನೂ 1758ನ್ನೂ ಆವರಣಚಿಹ್ನೆಯೊಳಗೆ ಬರೆಯುತ್ತಾರೆ. ಪ್ರಭೇದವನ್ನು ಹೆಸರಿಸಿದವನು ಅದನ್ನು ಮೊದಲು ಬೇರೊಂದು ಜಾತಿಯಲ್ಲಿ ಇರಿಸಿದ್ದನೆಂಬುದನ್ನು ಆ ಆವರಣಚಿಹ್ನೆಯೇ ಸೂಚಿಸುತ್ತದೆ.

ಹೆಸರಿನ ವಿಚಾರ ಅಲ್ಲಿಗೇ ಮುಗಿಯಲಿಲ್ಲ. ಮೈಗೆನ್ 1800ರಲ್ಲಿ ಪ್ರಕಟಿಸಿದ್ದ ಒಂದು ಕಿರುಹೊತ್ತಗೆಯಲ್ಲಿ ಟೆಂಡಿಪೆಸ್ ಎಂಬ ಹೆಸರನ್ನು ಬಳಸಿದ್ದನು. ಮೊದಲು ಪ್ರಕಟವಾದ ಹೆಸರಿಗೇ ಆದ್ಯತೆ ಎಂಬ ನಿಯಮವನ್ನು ಹಿಡಿದ ಹಲವರು 20ನೆಯ ಶತಮಾನದಲ್ಲಿ ಇಡೀ ಕುಟುಂಬವನ್ನು ಟೆಂಡಿಪೆಡಿಡೇ ಎಂದು ಕರೆಯತೊಡಗಿದರು, ಉಳಿದವರು ರೂಢಿಯ ಹೆಸರನ್ನೇ ಮುಂದುವರಿಸಿದರು. ಹೀಗಾಗಿ ಒಂದೇ ಕೀಟದ ಕುರಿತಾದ ಬರಹಗಳು ಎರಡು ಹೆಸರುಗಳಡಿ ಹಂಚಿಹೋದವು. ಪ್ರಾಣಿಗಳ ಹೆಸರಿಡುವಿಕೆಯ ಅಂತರರಾಷ್ಟ್ರೀಯ ಆಯೋಗವು 1963ರಲ್ಲಿ 1800ರ ಆ ಹೆಸರುಗಳನ್ನು ಬದಿಗಿರಿಸಿದ ಮೇಲೆಯೇ ಕೈರೊನೊಮಿಡೇ ಎಂಬ ಹೆಸರು ನೆಲೆ ನಿಂತಿತು.

ಕುಟುಂಬದಿಂದ ಪ್ರಭೇದದತ್ತ

ಗುರುತಿಸುವಿಕೆ ಎಂಬುದು ಮೆಟ್ಟಿಲು ಇಳಿಯುವಂತಹ ಕ್ರಿಯೆ. ದೊಡ್ಡ ಗುಂಪಿನಿಂದ ಚಿಕ್ಕ ಗುಂಪಿಗೆ, ಅಲ್ಲಿಂದ ಇನ್ನೂ ಚಿಕ್ಕದಕ್ಕೆ ಹೆಜ್ಜೆ ಹೆಜ್ಜೆಯಾಗಿ ಸಾಗಬೇಕು. ಪ್ರತಿ ಮೆಟ್ಟಿಲಲ್ಲೂ ಎರಡು ಪರ್ಯಾಯಗಳನ್ನು ಮುಂದಿಟ್ಟು, ಕೀಟಕ್ಕೆ ಹೊಂದುವುದನ್ನು ಆರಿಸಿಕೊಳ್ಳುವಂತೆ ರಚಿಸಿದ ಪಟ್ಟಿಗೆ ಗುರುತಿನ ಕೀಲಿ ಎಂದು ಹೆಸರು. ಸೊಳ್ಳೆಯ ರೆಕ್ಕೆಯ ನರಗಳ ಮೇಲೆ ಪುಟ್ಟ ಹುರುಪೆಗಳಿರುತ್ತವೆ, ಬಾಯಿಯಿಂದ ಉದ್ದನೆಯ ಸೊಂಡಿಲು ಮುಂಚಾಚಿರುತ್ತದೆ. ನೊರಜಿನಲ್ಲಿ ಇವೆರಡೂ ಇಲ್ಲ. ರಕ್ತ ಹೀರುವ ಕಿರುನೊರಜುಗಳ ಕುಟುಂಬವೊಂದಿದ್ದು, ಅವುಗಳ ರೆಕ್ಕೆಯ ನಡುವಣ ನರವು ಸಾಮಾನ್ಯವಾಗಿ ಕವಲೊಡೆದಿರುತ್ತದೆ. ಕಚ್ಚದ ನೊರಜಿನಲ್ಲಿ ಆ ನರ ಕವಲಿಲ್ಲದೆ ಸಾಗುತ್ತದೆ. ಹೀಗೆ ಕುಟುಂಬ ನಿಶ್ಚಯವಾದ ಮೇಲೆ ಅದರ 11 ಉಪಕುಟುಂಬಗಳ ಪೈಕಿ ಯಾವುದೆಂದು ನೋಡಬೇಕು. ಪ್ಲುಮೋಸಸ್ ಸೇರಿರುವ ಕೈರೊನೊಮಿನೇ ಉಪಕುಟುಂಬದಲ್ಲಿ ಮುಂಗಾಲಿನ ಪಾದದ ಮೊದಲ ಗೆಣ್ಣು ಅದರ ಮೇಲಿನ ಕಣಕಾಲಿಗಿಂತ ಉದ್ದವಾಗಿರುವುದೂ, ಗಂಡಿನ ಉದರದ ತುದಿಯಲ್ಲಿರುವ ಹಿಡಿಕೆಯಂಥ ಅಂಗವು ಒಳಕ್ಕೆ ಮಡಚದೆ ನೇರವಾಗಿ ಹಿಂದಕ್ಕೆ ಚಾಚಿರುವುದೂ ಮುಖ್ಯ ಲಕ್ಷಣಗಳು.

ಅಲ್ಲಿಂದ ಮುಂದೆ ಜಾತಿ ಮತ್ತು ಪ್ರಭೇದವನ್ನು ನಿರ್ಧರಿಸಲು ಸೂಕ್ಷ್ಮದರ್ಶಕ ಬೇಕೇ ಬೇಕು. ಆಲ್ಕೋಹಾಲಿನಲ್ಲಿ ಕಾಪಿಟ್ಟ ಗಂಡು ನೊರಜಿನ ತಲೆ, ಎದೆ, ರೆಕ್ಕೆ, ಕಾಲು ಮತ್ತು ಉದರಗಳನ್ನು ತೆಳುವಾದ ಸೂಜಿಗಳಿಂದ ಬಿಡಿಸಿ, ರೆಕ್ಕೆಯ ಹೊರತು ಉಳಿದ ಭಾಗಗಳನ್ನು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇರಿಸುತ್ತಾರೆ. ಸ್ನಾಯುಗಳೆಲ್ಲ ಕರಗಿ ಬರಿಯ ಹೊರಕವಚ ಮಾತ್ರ ಪಾರದರ್ಶಕವಾಗಿ ಉಳಿಯುತ್ತದೆ. ಆಮೇಲೆ ಆ ಭಾಗಗಳನ್ನು ಗಾಜಿನ ಪಟ್ಟಿಯ ಮೇಲೆ ಅಂಟುದ್ರವದಲ್ಲಿ ಒಂದೊಂದಾಗಿ ಜೋಡಿಸಿ ಮುಚ್ಚುತ್ತಾರೆ. ಗಂಡಿನ ಜನನಾಂಗದ ರಚನೆಯೇ ಇಲ್ಲಿ ಅತಿ ಮುಖ್ಯವಾದ ಸಾಕ್ಷ್ಯ: ಅದರ ಚಾಚುಗಳು ಕೊಕ್ಕೆಯಂತೆ ಬಾಗಿವೆಯೋ, ಪಾದರಕ್ಷೆಯಂತೆ ಅಗಲವಾಗಿವೆಯೋ, ರೋಮಗಳು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿವೆ ಎಂಬ ವಿವರಗಳನ್ನು ಅಳೆದು, ಚಿತ್ರ ಬರೆದು ದಾಖಲಿಸುತ್ತಾರೆ. ಕುಡಿಮೀಸೆಯ ಕೊನೆಯ ಗೆಣ್ಣಿನ ಉದ್ದವನ್ನು ಅದರ ಹಿಂದಿನ ಗೆಣ್ಣುಗಳ ಒಟ್ಟು ಉದ್ದದೊಡನೆ ಹೋಲಿಸುವ ಅನುಪಾತವೂ, ಕಾಲಿನ ಗೆಣ್ಣುಗಳ ಅನುಪಾತವೂ ಇದರ ಜೊತೆಗೆ ಸೇರುತ್ತವೆ.

ಕೆಸರಿನ ಕೆಂಪು ಹುಳು

ವಯಸ್ಕ ನೊರಜು ಬದುಕುವುದು ಕೆಲವೇ ದಿನ. ಅದರ ಬಾಳಿನ ಬಹುಭಾಗ ಕಳೆಯುವುದು ನೀರಿನ ತಳದಲ್ಲಿ ಮರಿಹುಳುವಾಗಿ. ಲೋಳೆಯ ಮುದ್ದೆಯಲ್ಲಿ ಪೋಣಿಸಿದಂತಿರುವ ಮೊಟ್ಟೆಗಳಿಂದ ಹೊರಬರುವ ಮರಿ, ನಾಲ್ಕು ಹಂತಗಳಲ್ಲಿ ಬೆಳೆದು, ಪ್ಲುಮೋಸಸ್‌ನಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದದ ಕೆಂಪು ಹುಳುವಾಗುತ್ತದೆ. ಅಲಂಕಾರದ ಮೀನುಗಳಿಗೆ ಆಹಾರವೆಂದು ಅಂಗಡಿಗಳಲ್ಲಿ ಮಾರುವ ಕೆಂಪು ಹುಳು ಇಂಥ ಮರಿಹುಳುವೇ. ಅದರ ಕೆಂಪಿಗೆ ಕಾರಣ ಹಿಮೋಗ್ಲೋಬಿನ್. ಕೀಟಗಳಲ್ಲಿ ಅಪರೂಪವಾದ ಈ ವಸ್ತು ಪ್ರಾಣವಾಯು ಅತ್ಯಲ್ಪವಾಗಿರುವ ಕೆಸರಿನಲ್ಲಿಯೂ ಅದನ್ನು ಹಿಡಿದಿಟ್ಟುಕೊಳ್ಳಲು ನೆರವಾಗುತ್ತದೆ. ಹುಳು ಕೆಸರಿನಲ್ಲಿ ಎರಡೂ ಬಾಯಿ ಮೇಲ್ಮುಖವಾಗಿರುವ ಬಾಗಿದ ಕೊಳವೆಯೊಂದನ್ನು ಕಟ್ಟಿ, ಅದರೊಳಗೆ ತನ್ನ ಜೊಲ್ಲಿನ ರೇಷ್ಮೆಯಿಂದ ಬಲೆ ನೇಯ್ದು, ಮೈಯನ್ನು ಅಲೆಯಂತೆ ಆಡಿಸಿ ನೀರನ್ನು ಹರಿಸಿ, ಬಲೆಗೆ ಸಿಕ್ಕ ಆಹಾರಕಣಗಳನ್ನು ಬಲೆಸಮೇತ ತಿನ್ನುತ್ತದೆ.

ಮರಿಹುಳುವಿನ ತಲೆಯನ್ನು ಕೆಳಗಿನಿಂದ ನೋಡಿದರೆ ಗರಗಸದಂಥ ಹಲ್ಲುಗಳ ಕಪ್ಪು ತಟ್ಟೆಯೊಂದು ಕಾಣುತ್ತದೆ. ಕೈರೊನೊಮಸ್ ಜಾತಿಯಲ್ಲಿ ಈ ಗದ್ದದ ತಟ್ಟೆಯ ನಡುಹಲ್ಲು ಮೂರು ಭಾಗವಾಗಿದ್ದು, ಅದರ ಎರಡೂ ಮಗ್ಗುಲಿಗೆ ಆರಾರು ಹಲ್ಲುಗಳಿರುತ್ತವೆ. ತಟ್ಟೆಯ ಇಕ್ಕೆಲಗಳಲ್ಲಿ ಸೂಕ್ಷ್ಮವಾದ ಗೆರೆಗಳಿರುವ ಬೀಸಣಿಗೆಯಂಥ ಫಲಕಗಳು ಹರಡಿಕೊಂಡಿರುತ್ತವೆ. ಮೈಯ ಹಿಂಭಾಗದಲ್ಲಿ ಕೆಳಗೆ ತೂಗುವ ಎರಡು ಜೊತೆ ಮೃದುವಾದ ನಳಿಕೆಗಳಿದ್ದು, ಅವುಗಳಿಗೆ ಸ್ವಲ್ಪ ಮುಂದೆ ಮಗ್ಗುಲಲ್ಲಿ ಮತ್ತೊಂದು ಗಿಡ್ಡ ಜೊತೆಯೂ ಇದ್ದರೆ ಅದನ್ನು ಪ್ಲುಮೋಸಸ್ ಮಾದರಿಯ ಹುಳುವೆನ್ನುತ್ತಾರೆ. ಮಗ್ಗುಲ ಜೊತೆ ಇಲ್ಲದಿದ್ದರೆ ಥುಮ್ಮಿ ಮಾದರಿ, ನಳಿಕೆಗಳೇ ಇಲ್ಲದಿದ್ದರೆ ಸಲಿನೇರಿಯಸ್ ಮಾದರಿ. ಇವು ಪ್ರಭೇದಗಳ ಹೆಸರುಗಳಲ್ಲ, ಆಕಾರದ ಮಾದರಿಗಳು ಮಾತ್ರ ಎಂಬುದನ್ನು ಮರೆಯಬಾರದು. ಒಂದೇ ಮಾದರಿಯಲ್ಲಿ ಅನೇಕ ಪ್ರಭೇದಗಳು ಸೇರಿರುತ್ತವೆ.

ಮರಿಹುಳು ಮತ್ತು ವಯಸ್ಕ ಕೀಟದ ನಡುವೆ ಪ್ಯೂಪಾ ಎಂಬ ಅವಸ್ಥೆಯಿದೆ. ಪ್ಯೂಪಾ ನೀರಿನ ಮೇಲ್ಮೈಗೆ ಈಜಿ ಬಂದು, ಬೆನ್ನು ಸೀಳಿ, ನೊರಜು ಹಾರಿಹೋದ ಮೇಲೆ ಅದರ ಖಾಲಿ ಪೊರೆ ನೀರಿನ ಮೇಲೆ ತೇಲುತ್ತ ಗಾಳಿಗೆ ದಡದ ಮಗ್ಗುಲಲ್ಲಿ ಒಟ್ಟುಗೂಡುತ್ತದೆ. ಈ ಪೊರೆಯ ಮೇಲಿನ ಮುಳ್ಳುಗಳ ಸಾಲು ಮತ್ತು ಉಸಿರಾಟದ ಕೊಂಬಿನ ಆಕಾರಗಳು ಗುರುತಿಸುವಿಕೆಗೆ ಅತ್ಯಂತ ಉಪಯುಕ್ತವೆಂಬುದನ್ನು ಜರ್ಮನಿಯ ಪ್ಲೋನ್ ಎಂಬ ಊರಿನಲ್ಲಿ ಸರೋವರಗಳನ್ನು ಅಧ್ಯಯನ ಮಾಡಿದ ಆಗಸ್ಟ್ ಟೀನೆಮಾನ್ ತೋರಿಸಿಕೊಟ್ಟನು. ಒಂದೇ ಒಂದು ಕೀಟವನ್ನೂ ಕೊಲ್ಲದೆ, ಬರಿಯ ಪೊರೆಗಳನ್ನು ಜಾಲರಿಯಲ್ಲಿ ಎತ್ತಿಕೊಂಡು, ಆ ನೀರಿನಲ್ಲಿ ಯಾವ ಯಾವ ನೊರಜುಗಳು ಬೆಳೆದು ಹಾರಿಹೋಗಿವೆ ಎಂಬ ಪಟ್ಟಿಯನ್ನು ತಯಾರಿಸಬಹುದು. ಒಂದೊಂದು ಹುಳುವನ್ನೂ ಪ್ರತ್ಯೇಕ ಸೀಸೆಯಲ್ಲಿ ಸಾಕಿ, ಅದು ಕಳಚಿದ ಮರಿಹುಳುವಿನ ಪೊರೆ, ಪ್ಯೂಪಾದ ಪೊರೆ ಮತ್ತು ಹೊರಬಂದ ನೊರಜು ಮೂರನ್ನೂ ಒಟ್ಟಿಗೆ ಕಾಪಿಟ್ಟಾಗ ಮಾತ್ರ, ಈ ಹುಳುವಿನಿಂದ ಬಂದುದು ಇದೇ ನೊರಜು ಎಂದು ಖಚಿತವಾಗಿ ಹೇಳಲು ಸಾಧ್ಯ.

ಜೊಲ್ಲುಗ್ರಂಥಿಯೊಳಗಿನ ಪಟ್ಟೆಗಳು

ಆಕಾರವನ್ನು ಎಷ್ಟೇ ಸೂಕ್ಷ್ಮವಾಗಿ ಅಳೆದರೂ ಬಗೆಹರಿಯದ ಒಂದು ತೊಡಕು ಉಳಿದಿತ್ತು. ಪ್ಲುಮೋಸಸ್ ಎಂದು ಗುರುತಿಸಿದ ನೊರಜುಗಳೆಲ್ಲ ನಿಜಕ್ಕೂ ಒಂದೇ ಪ್ರಭೇದವೇ ಎಂಬುದೇ ಆ ತೊಡಕು. ಇದಕ್ಕೆ ಉತ್ತರ ದೊರೆತದ್ದು ಯಾರೂ ನಿರೀಕ್ಷಿಸದ ಜಾಗದಲ್ಲಿ, ಹುಳುವಿನ ಜೊಲ್ಲುಗ್ರಂಥಿಯಲ್ಲಿ. ಫ್ರಾನ್ಸಿನ ಎಡ್ವಾರ್ ಬಾಲ್ಬಿಯಾನಿ 1881ರಲ್ಲಿ ಪ್ಲುಮೋಸಸ್ ಹುಳುವಿನ ಈ ಗ್ರಂಥಿಯ ಜೀವಕೋಶಗಳಲ್ಲಿ ಅಡ್ಡಪಟ್ಟೆಗಳುಳ್ಳ ದಪ್ಪನೆಯ ಎಳೆಗಳನ್ನು ಕಂಡು ವರ್ಣಿಸಿದನು. ಅವು ದೈತ್ಯ ವರ್ಣತಂತುಗಳೆಂಬುದು ಖಚಿತವಾದದ್ದು 1930ರ ದಶಕದಲ್ಲಿ. ವರ್ಣತಂತು ಎಂದರೆ ಆನುವಂಶಿಕ ಮಾಹಿತಿಯನ್ನು ಹೊತ್ತ ಎಳೆ. ಸಾಮಾನ್ಯ ಜೀವಕೋಶದಲ್ಲಿ ಅದು ಅತಿ ತೆಳು. ಈ ಗ್ರಂಥಿಯಲ್ಲಿ ಮಾತ್ರ ಕೋಶ ವಿಭಜನೆಯಾಗದೆಯೇ ಎಳೆಗಳು ಮತ್ತೆ ಮತ್ತೆ ಇಮ್ಮಡಿಗೊಂಡು, ಸಾವಿರಾರು ಪ್ರತಿಗಳು ಒತ್ತೊತ್ತಾಗಿ ಕೂಡಿಕೊಂಡು ಹಗ್ಗದಂತಾಗುವುದರಿಂದ ಅದರ ಪಟ್ಟೆಗಳು ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೇ ಎಣಿಸುವಷ್ಟು ಸ್ಪಷ್ಟವಾಗುತ್ತವೆ.

ನಾಲ್ಕನೆಯ ಹಂತದ ಹುಳುವಿನಿಂದ ಗ್ರಂಥಿಯನ್ನು ಹೊರತೆಗೆದು, ಬಣ್ಣ ಹಾಕಿ, ಗಾಜಿನ ಹಾಳೆಯಡಿ ಮೆಲ್ಲನೆ ಒತ್ತಿದರೆ ನಾಲ್ಕು ಪಟ್ಟೆಹಗ್ಗಗಳು ಹರಡಿಕೊಳ್ಳುತ್ತವೆ. ಮೂರು ಉದ್ದ, ಒಂದು ಗಿಡ್ಡ. ಉದ್ದನೆಯವುಗಳ ಎರಡೆರಡು ತೋಳುಗಳಿಗೂ ಗಿಡ್ಡದ ಒಂದೇ ತೋಳಿಗೂ ಎ, ಬಿ, ಸಿ, ಡಿ, ಇ, ಎಫ್, ಜಿ ಎಂಬ ಅಕ್ಷರಗಳನ್ನು ಕೊಟ್ಟಿದ್ದಾರೆ. ಪ್ಲುಮೋಸಸ್‌ನಲ್ಲಿ ಎಬಿ, ಸಿಡಿ, ಇಎಫ್ ಎಂದು ತೋಳುಗಳು ಜೊತೆಗೂಡಿದ್ದು ಜಿ ಒಂಟಿಯಾಗಿರುತ್ತದೆ. ಇದೇ ಜಾತಿಯ ಮತ್ತೊಂದು ಗುಂಪಿನಲ್ಲಿ ಎಇ, ಬಿಎಫ್, ಸಿಡಿ ಎಂಬ ಬೇರೆಯೇ ಜೋಡಣೆ. ಜರ್ಮನಿಯ ಹಾನ್ಸ್ ಗ್ಯೂಂಟರ್ ಕೈಲ್ 1962ರಲ್ಲಿ ಈ ಪಟ್ಟೆಗಳ ಅನುಕ್ರಮವನ್ನು ಅನೇಕ ಪ್ರಭೇದಗಳಲ್ಲಿ ಹೋಲಿಸಿ, ಒಂದು ಪಟ್ಟೆಸಾಲು ಎಲ್ಲಿ ತುಂಡಾಗಿ ತಿರುಗಿ ಸೇರಿಕೊಂಡಿದೆ ಎಂಬುದನ್ನು ಹಿಡಿದು, ಯಾವ ಪ್ರಭೇದ ಯಾವುದಕ್ಕೆ ಹತ್ತಿರವೆಂಬ ವಂಶಸಂಬಂಧವನ್ನು ಬಿಡಿಸುವ ದಾರಿಯನ್ನು ತೋರಿಸಿದನು.

ಈ ಪಟ್ಟೆಗಳನ್ನು ಓದಿದಾಗ, ಪ್ಲುಮೋಸಸ್ ಎಂಬ ಒಂದೇ ಹೆಸರಿನಡಿ ಅಡಗಿದ್ದ ಹಲವು ಒಡಹುಟ್ಟಿದ ಪ್ರಭೇದಗಳು ಬೆಳಕಿಗೆ ಬಂದವು. ಒಡಹುಟ್ಟಿದ ಪ್ರಭೇದಗಳೆಂದರೆ ಹೊರನೋಟಕ್ಕೆ ಬೇರ್ಪಡಿಸಲು ಕಷ್ಟವಾದರೂ ಪರಸ್ಪರ ಬೆರೆಯದೆ ತಮ್ಮ ತಮ್ಮ ಪ್ರತ್ಯೇಕತೆಯನ್ನು ಕಾಯ್ದುಕೊಂಡಿರುವ ಪ್ರಭೇದಗಳು. 1983ರಲ್ಲಿ ಹಂಗೇರಿಯ ಬಾಲಟೋನ್ ಸರೋವರದ ಹೆಸರು ಹೊತ್ತ ಬಾಲಟೋನಿಕಸ್, ಸ್ವಿಟ್ಜರ್ಲೆಂಡಿನ ಮುರ್ಟೆನ್ ಸರೋವರದ ಹೆಸರು ಹೊತ್ತ ಮುರಾಟೆನ್ಸಿಸ್ ಹಾಗೂ ನ್ಯೂಡಿವೆಂಟ್ರಿಸ್ ಎಂಬ ಪ್ರಭೇದಗಳನ್ನು ಹೀಗೆ ಪ್ರತ್ಯೇಕವೆಂದು ವಿವರಿಸಲಾಯಿತು. ಈ ಕೆಲಸದಲ್ಲಿ ವರ್ಣತಂತು ತೆಗೆದ ಹುಳುವಿನ ತಲೆ ಮತ್ತು ಮೈಪೊರೆಯನ್ನೂ ಕಾಪಿಡುವುದು ರೂಢಿ. ಒಳಗಿನ ಸಾಕ್ಷ್ಯಕ್ಕೂ ಹೊರಗಿನ ಸಾಕ್ಷ್ಯಕ್ಕೂ ಇರುವ ನಂಟು ಕಳಚಿಹೋಗಬಾರದೆಂಬುದೇ ಅದರ ಉದ್ದೇಶ.

ಹೆಸರು ತಪ್ಪಿದರೆ ಏನಾಗುತ್ತದೆ

ಕಣ್ಣಿಗೆ ಒಂದೇ ಆಗಿ ಕಾಣುವ ನೊರಜುಗಳನ್ನು ಇಷ್ಟು ಶ್ರಮಪಟ್ಟು ಬೇರ್ಪಡಿಸುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ನೀರಿನ ತಳದಲ್ಲಿದೆ. ಟೀನೆಮಾನ್ 20ನೆಯ ಶತಮಾನದ ಆರಂಭದ ದಶಕಗಳಲ್ಲಿ, ಆಳದ ನೀರಿನಲ್ಲಿ ಪ್ರಾಣವಾಯು ಸಮೃದ್ಧವಾಗಿರುವ ತಿಳಿಯಾದ ಸರೋವರಗಳಲ್ಲಿ ಟಾನಿಟಾರ್ಸಸ್ ಗುಂಪಿನ ಹುಳುಗಳೂ, ಪೋಷಕಾಂಶಗಳು ಹೆಚ್ಚಾಗಿ ತಳದಲ್ಲಿ ಪ್ರಾಣವಾಯು ಕುಗ್ಗಿದ ಸರೋವರಗಳಲ್ಲಿ ಕೈರೊನೊಮಸ್ ಹುಳುಗಳೂ ಮೇಲುಗೈ ಪಡೆಯುತ್ತವೆಂದು ಕಂಡು, ತಳದ ಹುಳುಗಳ ಆಧಾರದ ಮೇಲೆಯೇ ಸರೋವರಗಳನ್ನು ವರ್ಗೀಕರಿಸಿದನು. ಸತ್ತ ಹುಳುಗಳ ಗಟ್ಟಿಯಾದ ತಲೆಕವಚಗಳು ಹೂಳಿನಲ್ಲಿ ಸಾವಿರಾರು ವರ್ಷ ಕೆಡದೆ ಉಳಿಯುತ್ತವೆ. ಹೂಳನ್ನು ಪದರ ಪದರವಾಗಿ ಎತ್ತಿ, ತಲೆಕವಚಗಳನ್ನು ಹೆಕ್ಕಿ ಗುರುತಿಸಿ, ಆ ಕಾಲದ ತಾಪಮಾನ ಹೇಗಿತ್ತೆಂದು ಅಂದಾಜು ಮಾಡುವ ವಿಜ್ಞಾನವೂ ಬೆಳೆದಿದೆ. ಕಲುಷಿತ ಕೆಸರಿನಲ್ಲಿ ಬೆಳೆದ ಹುಳುಗಳ ಗದ್ದದ ತಟ್ಟೆಯಲ್ಲಿ ಹಲ್ಲುಗಳು ಸೊಟ್ಟಗಾಗುವುದು, ಕಾಣೆಯಾಗುವುದು, ಒಂದಕ್ಕೊಂದು ಅಂಟಿಕೊಳ್ಳುವುದು ಕಂಡುಬರುವುದರಿಂದ ಅದನ್ನು ಮಾಲಿನ್ಯದ ಸೂಚನೆಯಾಗಿಯೂ ಪರಿಗಣಿಸುತ್ತಾರೆ. ಹಲ್ಲಿನ ಯಾವ ರೂಪ ಪ್ರಭೇದದ ಸಹಜ ಲಕ್ಷಣ, ಯಾವುದು ವಿಕಾರ ಎಂದು ತಿಳಿಯಬೇಕಾದರೆ ಮೊದಲು ಪ್ರಭೇದ ಯಾವುದೆಂದು ತಿಳಿದಿರಲೇಬೇಕು.

ಉತ್ತರ ಅಮೆರಿಕದ ನಿದರ್ಶನ ಇದಕ್ಕೆ ಸಾಕ್ಷಿ. ಅಲ್ಲಿನ ಪ್ರಯೋಗಾಲಯಗಳು ಕೆಸರಿನಲ್ಲಿರುವ ವಿಷದ ಪ್ರಮಾಣವನ್ನು ಪರೀಕ್ಷಿಸಲು ಕೈರೊನೊಮಸ್ ಟೆಂಟಾನ್ಸ್ ಎಂಬ ಹೆಸರಿನಿಂದ ಒಂದು ನೊರಜನ್ನು ದಶಕಗಳ ಕಾಲ ಸಾಕಿ ಬಳಸಿದವು. ಯುರೋಪಿನ ನಿಜವಾದ ಟೆಂಟಾನ್ಸ್‌ಗೂ ಅದಕ್ಕೂ ವರ್ಣತಂತುಗಳಲ್ಲಿ ಸ್ಪಷ್ಟವಾದ ವ್ಯತ್ಯಾಸವಿರುವುದನ್ನು ತೋರಿಸಿ, 1999ರಲ್ಲಿ ಅದಕ್ಕೆ ಕೈರೊನೊಮಸ್ ಡೈಲ್ಯೂಟಸ್ ಎಂಬ ಪ್ರತ್ಯೇಕ ಹೆಸರು ಕೊಡಲಾಯಿತು. ಆ ಹಳೆಯ ಪ್ರಯೋಗಗಳ ಅಂಕಿಅಂಶಗಳನ್ನು ಇಂದು ಓದುವವರು ಹೆಸರನ್ನು ಮನಸ್ಸಿನಲ್ಲೇ ತಿದ್ದಿಕೊಂಡು ಓದಬೇಕಾಗಿದೆ. ಯುರೋಪಿನ ಪರೀಕ್ಷೆಗಳಲ್ಲಿ ಬಳಸುವ ಕೈರೊನೊಮಸ್ ರಿಪೇರಿಯಸ್‌ಗೂ ಪೈಗರ್ ಎಂಬ ಒಡಹುಟ್ಟು ಇದೆ. ನೋಟಕ್ಕೆ ಎರಡೂ ಬಹುಮಟ್ಟಿಗೆ ಒಂದೇ ಆಗಿದ್ದರೂ ರಿಪೇರಿಯಸ್‌ನಲ್ಲಿ ಡಿಎನ್‌ಎ ಪ್ರಮಾಣ ಪೈಗರ್‌ಗಿಂತ ಶೇಕಡಾ 27ರಷ್ಟು ಹೆಚ್ಚೆಂದು ಕೈಲ್ ಲೆಕ್ಕಹಾಕಿದ್ದನು.

ಭಾರತದ ನೊರಜುಗಳು

ಭಾರತದ ಕಚ್ಚದ ನೊರಜುಗಳನ್ನು 20ನೆಯ ಶತಮಾನದ ಆರಂಭದಲ್ಲಿ ಹೆಸರಿಸಿದವರಲ್ಲಿ ಫ್ರೆಂಚ್ ಪಾದ್ರಿ ಜಾನ್ ಜಾಕ್ ಕೀಫರ್ ಪ್ರಮುಖನು. ಹಿಮಾಲಯ ಮತ್ತು ಅಸ್ಸಾಮಿನಿಂದ ಸಂಗ್ರಹವಾದ ಕೀಟಗಳನ್ನು ಆತ ಯುರೋಪಿನಲ್ಲಿದ್ದೇ ವಿವರಿಸಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಪತ್ರಿಕೆಯಲ್ಲಿ ಪ್ರಕಟಿಸಿದನು. ಮುಂದೆ ಪಶ್ಚಿಮ ಬಂಗಾಳದ ಬರ್ದ್ವಾನ್ ವಿಶ್ವವಿದ್ಯಾಲಯವು ಈ ಅಧ್ಯಯನದ ಕೇಂದ್ರವಾಯಿತು, ಅಲ್ಲಿನ ಪಿ. ಕೆ. ಚೌಧುರಿಯವರು ಸಹೋದ್ಯೋಗಿಗಳೊಡನೆ 1992ರಲ್ಲಿ ಕೈರೊನೊಮಸ್ ರಾಮೋಸಸ್ ಎಂಬ ಪ್ರಭೇದವನ್ನು ವಿವರಿಸಿದರು. ಹೀಗೆ ಖಚಿತವಾದ ಹೆಸರು ದೊರೆತ ಆ ನೊರಜನ್ನೇ ಪುಣೆ ವಿಶ್ವವಿದ್ಯಾಲಯದ ಸಂಶೋಧಕರು ಆರಿಸಿಕೊಂಡು, ಅದರ ಹುಳುಗಳು ವಿಕಿರಣವನ್ನು ಹೇಗೆ ತಾಳಿಕೊಳ್ಳುತ್ತವೆಂಬುದನ್ನು ಪರಿಶೀಲಿಸಿದ್ದಾರೆ. ಹೆಸರಿಟ್ಟ ಕೆಲಸ ಬರ್ದ್ವಾನಿನಲ್ಲಿ, ಅದನ್ನು ಆಧರಿಸಿದ ಪ್ರಯೋಗ ಪುಣೆಯಲ್ಲಿ. ಮೊದಲನೆಯದು ಇರದಿದ್ದರೆ ಎರಡನೆಯದರ ಫಲಿತಾಂಶವನ್ನು ಜಗತ್ತಿನ ಬೇರೆಯವರು ತಮ್ಮ ಫಲಿತಾಂಶದೊಡನೆ ಹೋಲಿಸುವಂತಿರಲಿಲ್ಲ.

ಇಂದು ಡಿಎನ್‌ಎಯ ಸುಮಾರು 650 ಅಕ್ಷರಗಳ ಒಂದು ನಿರ್ದಿಷ್ಟ ತುಣುಕನ್ನು ಓದಿ ಪ್ರಭೇದವನ್ನು ಪತ್ತೆಹಚ್ಚುವ ವಿಧಾನ ಬಳಕೆಯಲ್ಲಿದೆ. ಅಂಗಡಿಯ ಸರಕಿನ ಮೇಲಿನ ಗೆರೆಗಳ ಸಂಕೇತದಂತೆ ಕೆಲಸ ಮಾಡುವುದರಿಂದ ಇದಕ್ಕೆ ಡಿಎನ್‌ಎ ಬಾರ್‌ಕೋಡ್ ಎಂಬ ಹೆಸರು ಬಂದಿದೆ. ಕೆಸರಿನಲ್ಲಿ ಸಿಕ್ಕ ಹುಳುವನ್ನೂ ದೀಪಕ್ಕೆ ಬಂದ ನೊರಜನ್ನೂ ಒಂದೇ ಪ್ರಭೇದವೆಂದು ಜೋಡಿಸಲು ಇದು ಬಹಳ ಸಹಕಾರಿ. ಆದರೆ ಓದಿದ ತುಣುಕನ್ನು ಹೋಲಿಸಿ ನೋಡಲು ಸರಿಯಾಗಿ ಹೆಸರಿಸಿದ ಮಾದರಿಯೊಂದು ಮೊದಲೇ ಸಂಗ್ರಹದಲ್ಲಿರಬೇಕು. ಸಂಗ್ರಹದಲ್ಲಿ ಹೆಸರೇ ತಪ್ಪಿದ್ದರೆ ಯಂತ್ರವು ಆ ತಪ್ಪನ್ನೇ ಎಲ್ಲೆಡೆ ಹರಡುತ್ತದೆ. ಆದ್ದರಿಂದಲೇ ಹೊಸ ಪ್ರಭೇದವನ್ನು ವಿವರಿಸುವಾಗ ಒಂದು ಕೀಟವನ್ನು ಮೂಲಮಾದರಿಯೆಂದು ಗೊತ್ತುಮಾಡಿ, ಎಲ್ಲಿ, ಯಾವಾಗ ಸಿಕ್ಕಿತೆಂಬ ಚೀಟಿಯೊಡನೆ ವಸ್ತುಸಂಗ್ರಹಾಲಯದಲ್ಲಿ ಕಾಪಿಡುತ್ತಾರೆ. ಮುಂದೆ ಆ ಹೆಸರಿನ ಬಗ್ಗೆ ಸಂದೇಹ ಎದ್ದಾಗ ತೀರ್ಪು ಹೇಳುವುದು ಗಾಜಿನ ಪಟ್ಟಿಯ ಮೇಲಿನ ಆ ಪುಟ್ಟ ಕೀಟವೇ.

ಕರ್ನಾಟಕದ ಕೆರೆಗಳ ತಳದಲ್ಲಿಯೂ ಇಂಥ ಕೆಂಪು ಹುಳುಗಳು ವಾಸಿಸುತ್ತವೆ. ನೀರು ಕೆಟ್ಟಾಗ ಯಾವ ಹುಳು ಮರೆಯಾಗುತ್ತದೆ, ಯಾವುದು ಹೆಚ್ಚುತ್ತದೆ ಎಂಬ ಲೆಕ್ಕ ಅಲ್ಲಿನ ಕೆಸರಿನಲ್ಲಿಯೇ ಬರೆದಿಟ್ಟಂತೆ ಉಳಿಯುತ್ತದೆ. ಆದರೆ ಎಲ್ಲವನ್ನೂ ಸೊಳ್ಳೆಮರಿ ಎಂಬ ಒಂದೇ ಮಾತಿನಲ್ಲಿ ತಳ್ಳಿಹಾಕಿದವರಿಗೆ ಆ ಲೆಕ್ಕ ಓದಲು ಬರುವುದಿಲ್ಲ. ಗದ್ದದ ತಟ್ಟೆಯ ಹಲ್ಲುಗಳನ್ನು ಎಣಿಸಿ, ಹಿಂಭಾಗದ ನಳಿಕೆಗಳನ್ನು ನೋಡಿ, ಪೊರೆಗಳನ್ನು ಕಾಪಿಟ್ಟು, ಹುಳುವನ್ನು ನೊರಜಾಗುವವರೆಗೆ ಸಾಕಿ, ಒಂದೊಂದಕ್ಕೂ ಅದರದೇ ಹೆಸರನ್ನು ಸೇರಿಸಿದವರಿಗೆ ಮಾತ್ರ ಕೆರೆಯ ಆರೋಗ್ಯದ ಆ ಬರಹ ಅಕ್ಷರ ಅಕ್ಷರವಾಗಿ ಬಿಡಿಸಿಕೊಳ್ಳುತ್ತದೆ.